ಹನ್ನೆರಡನೇ ಅಂಕಣದ ಬಿಳಿ ಬಸ್ಸು

ನನ್ನ ಮಾತನ್ನು ಇಡೀ ಊರು ಕೇಳುತ್ತದೆ, ನನ್ನ ಮನೆಯೊಂದನ್ನು ಬಿಟ್ಟು. ಇದು ಅಹಂಕಾರದ ಮಾತಲ್ಲ, ಹೊಟ್ಟೆಯುರಿಯ ಮಾತು. ನಾನು ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸುಗಳ ಹೊತ್ತು ಸಾರುವವನು. ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎಂದು ಒಂದು ಸಲ ಗಂಟಲು ಬಿಟ್ಟರೆ ಸಾಕು, ನೂರಾರು ಜನ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಜಗಳವಾಡುತ್ತಿದ್ದ ಗಂಡ ಹೆಂಡಿರು ಅಷ್ಟು ಹೊತ್ತು ಜಗಳ ನಿಲ್ಲಿಸುತ್ತಾರೆ. ಅದೇ ಗಂಟಲಿನಲ್ಲಿ ಮನೆಗೆ ಬಂದು ‘ಸ್ವಲ್ಪ ನೀರು ಕೊಡ್ತೀರಾ’ ಎಂದರೆ ಮನೆಯ ಬೆಕ್ಕು ಕೂಡ ತಿರುಗಿ ನೋಡುವುದಿಲ್ಲ. (ಬೆಕ್ಕು ನಮ್ಮದಲ್ಲ, ಪಕ್ಕದ ಮನೆಯದು. ಆದರೂ ನೋಡಬಹುದಿತ್ತು.)

ಬೀದಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ‘ಗಮನಿಸಿ’ ಎಂದೇ. ‘ಗಮನಿಸಿಯವರೇ, ಚೆನ್ನಾಗಿದ್ದೀರಾ?’ ಎನ್ನುತ್ತಾರೆ. ನನ್ನನ್ನು ಗಮನಿಸದೆ ಇರುವವರು ಮೂವರೇ: ನನ್ನ ಹೆಂಡತಿ, ನನ್ನ ತಾಯಿ ಮತ್ತು ಮೂರು ವರ್ಷದ ದೊಡ್ಡ ಮಗಳು. ಕೈಗೂಸು ಚಿಕ್ಕವಳು ಮಾತ್ರ ಮನೆಯೊಳಗೆ ನನ್ನ ಧ್ವನಿ ಕೇಳಿದ ಕೂಡಲೇ ಪ್ರತಿಕ್ರಿಯೆ ಕೊಡುತ್ತಾಳೆ. ಕಿಟಾರನೆ ಕಿರುಚುತ್ತಾಳೆ.

ಈ ಚಿಕ್ಕವಳು ಹುಟ್ಟಿದ್ದು ನಮ್ಮಿಬ್ಬರ ಮರೆವಿನ ಫಲ. ದೊಡ್ಡವಳೂ ಹಾಗೆಯೇ. ಹೀಗೆ ಮರೆಯುತ್ತಾ ಹೋದರೆ ಮನೆಗೆ ಇನ್ನೊಂದು ಮಹಡಿ ಕಟ್ಟಬೇಕಾಗುತ್ತದೆಂದು ಹೆದರಿ, ಹೆಂಡತಿ ನನ್ನ ತೋಳು ಹಿಡಿದು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು. ಅಮ್ಮನಿಗೆ ಮಾತ್ರ ಹೇಳಕೂಡದೆಂದು ದಾರಿಯುದ್ದಕ್ಕೂ ಆಣೆ ಹಾಕಿಸಿಕೊಂಡಳು. ಯಾಕೆಂದರೆ ಅಮ್ಮ ಆರು ಹೆತ್ತವಳು. ಎರಡು ಮಕ್ಕಳ ಮನೆ ಅವಳ ಲೆಕ್ಕದಲ್ಲಿ ಇನ್ನೂ ಖಾಲಿ ಮನೆ. ‘ಮೂರಾದ್ರೆ ಮನೆ ಮನೆ ಥರ ಇರುತ್ತೆ’ ಎಂದು ದಿನಕ್ಕೊಮ್ಮೆ ಅನ್ನದಿದ್ದರೆ ಅವಳಿಗೆ ಊಟ ಅರಗುವುದಿಲ್ಲ.

ಡಾಕ್ಟರಮ್ಮ ಸಮಾಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದರು.

‘ನೀವು ಮಗೂಗೆ ಹಾಲು ಕುಡಿಸ್ತಿದ್ದೀರಿ. ಅದಕ್ಕೆ ಬಸಿರು ತಡೆಯೋ ಮಾತ್ರೆಗಳಲ್ಲಿ ಇದನ್ನ ಕೊಡ್ತೀನಿ. ಇದರಲ್ಲಿ ಇರೋದು ಪ್ರೊಜೆಸ್ಟಿನ್ ಅನ್ನೋ ಒಂದೇ ಹಾರ್ಮೋನು. ಹಾಲು ಕಮ್ಮಿ ಆಗಲ್ಲ, ಮಗೂಗೂ ತೊಂದರೆ ಇಲ್ಲ. ಮೊದಮೊದಲು ಮುಟ್ಟು ಸ್ವಲ್ಪ ಏರುಪೇರಾಗಬಹುದು, ಹೆದರಬೇಡಿ. ಆದ್ರೆ ಈ ಮಾತ್ರೆಗೆ ಒಂದು ಹಠ ಇದೆ.’

‘ಹಠಾನಾ?’ ಎಂದಳು ಹೆಂಡತಿ, ನನ್ನ ಕಡೆ ನೋಡಿ. ಹಠದ ಜತೆ ಸಂಸಾರ ಮಾಡಿ ಅಭ್ಯಾಸವಿದ್ದವಳಂತೆ.

‘ದಿನಾ ಅದೇ ಹೊತ್ತಿಗೆ ನುಂಗ್ಬೇಕು. ಮೂರು ಗಂಟೆಗಿಂತ ಹೆಚ್ಚು ತಡ ಆಯ್ತೋ, ತಪ್ಪಿಸಿದ ಹಾಗೇ ಲೆಕ್ಕ. ಒಂದು ಸ್ಟ್ರಿಪ್ ಮುಗಿದ ಮಾರನೇ ದಿನಾನೇ ಇನ್ನೊಂದು ಶುರು. ನಡುವೆ ರಜೆ ಗಿಜೆ ಏನಿಲ್ಲ.’

ಹೊತ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಉಬ್ಬಿತು. ಹೊತ್ತು ಎಂದರೆ ನಾನು, ನಾನು ಎಂದರೆ ಹೊತ್ತು. ‘ಟೈಮಿನ ವಿಷಯ ನನಗೆ ಬಿಡಿ ಮೇಡಂ, ನಾನಿರೋದೇ ಅದಕ್ಕೆ’ ಎಂದೆ.

‘ಹೌದಾ? ನೀವೇನು ಕೆಲಸ ಮಾಡ್ತೀರಿ?’

‘ಬಸ್ ನಿಲ್ದಾಣದಲ್ಲಿ ಬಸ್ಸಿನ ಟೈಮ್ ಹೇಳೋ ಕೆಲಸ.’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೆಂಡತಿಯ ಕಡೆ ತಿರುಗಿ, ‘ನೀವೇ ಒಂದು ಅಲಾರಂ ಇಟ್ಕೊಳ್ಳಿ ತಾಯಿ’ ಎಂದರು.

ನನಗೆ ಆದ ಅವಮಾನ ಅಷ್ಟಿಷ್ಟಲ್ಲ.

ಸರಿ, ರಾತ್ರಿ ಎಂಟು ಗಂಟೆ ಎಂದು ಗೊತ್ತುಮಾಡಿದೆವು. ಆ ಹೊತ್ತಿಗೆ ದೊಡ್ಡವಳ ಊಟ ಮುಗಿದು ಚಿಕ್ಕವಳು ನಿದ್ದೆ ಹೋಗಿರುತ್ತಾಳೆ. ಮಾತ್ರೆಗಳನ್ನು ಅಮ್ಮನ ಕಣ್ಣಿಗೆ ಬೀಳದಂತೆ ಉಪ್ಪಿನ ಡಬ್ಬಿಯ ಹಿಂದೆ ಬಚ್ಚಿಟ್ಟೆವು. ಮೊದಲ ದಿನ ಅಲಾರಂ ಹೊಡೆಯಿತು. ಚಿಕ್ಕವಳು ಎದ್ದಳು, ಅವಳ ಕಿರುಚಾಟಕ್ಕೆ ದೊಡ್ಡವಳು ಅತ್ತಳು, ದೊಡ್ಡವಳ ಅಳುವಿಗೆ ಅಮ್ಮ ‘ಏನಾಯ್ತು, ಯಾರು ಬಿದ್ರು?’ ಎಂದು ಬಚ್ಚಲಿಂದ ಓಡಿ ಬಂದಳು. ಈ ಗದ್ದಲದಲ್ಲಿ ತಾನು ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೇ ಹೆಂಡತಿಗೆ ಮರೆತುಹೋಯಿತು. ಎರಡನೆಯ ದಿನ ಅಲಾರಂ ಹೊಡೆಯಲಿಲ್ಲ. ದೊಡ್ಡವಳು ಫೋನನ್ನು ಬಕೆಟ್ಟಿನಲ್ಲಿ ಸ್ನಾನಕ್ಕೆ ಕೂರಿಸಿದ್ದಳು.

‘ಗೋಡೆ ಗಡಿಯಾರ ನೋಡ್ಕೊಂಡು ತಗೊಳ್ಳೇ’ ಎಂದೆ.

‘ಯಾವ ಗಡಿಯಾರ? ನೀವು ಡ್ಯೂಟಿಗೆ ತಡ ಮಾಡ್ತೀರ ಅಂತ ನಾನು ಸ್ವಲ್ಪ ಮುಂದೆ ಇಟ್ಟಿದ್ದೀನಿ. ನಾನು ಅಡುಗೆಗೆ ತಡ ಮಾಡ್ತೀನಿ ಅಂತ ಅತ್ತೆ ಇನ್ನಷ್ಟು ಮುಂದೆ ಇಟ್ಟಿದ್ದಾರೆ. ಅದರಲ್ಲಿ ಎಂಟು ಹೊಡೆಯೋ ಹೊತ್ತಿಗೆ ಹೊರಗೆ ಇನ್ನೂ ಬಿಸಿಲಿರುತ್ತೆ!’

ಆಗಲೇ ನನ್ನ ತಲೆಯಲ್ಲಿ ಆ ದಿವ್ಯವಾದ, ಮುಂದೆ ನನ್ನ ಸಂಸಾರವನ್ನೇ ರಸ್ತೆಗೆ ತಂದ ಉಪಾಯ ಹೊಳೆದದ್ದು. ನಮ್ಮ ಮನೆ ಇರುವುದು ನಿಲ್ದಾಣದ ಹಿಂದಿನ ಬೀದಿಯಲ್ಲಿ. ಒಂದು ಧ್ವನಿವರ್ಧಕದ ಬಾಯಿ ನೇರವಾಗಿ ನಮ್ಮ ಅಡುಗೆಮನೆಯ ಕಿಟಕಿಗೇ ತಿರುಗಿದೆ. ಮನೆಯೊಳಗೆ ನಿಂತು ನಾನು ಆಡುವ ಮಾತಿಗಿಂತ, ನಿಲ್ದಾಣದಲ್ಲಿ ಕೂತು ಆಡುವ ಮಾತು ನನ್ನ ಹೆಂಡತಿಗೆ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ಆ ಸದ್ದಿಗೆ ಒಗ್ಗಿಹೋದ ಚಿಕ್ಕವಳು ಏಳುವುದೂ ಇಲ್ಲ. ನನಗೆ ಇರುವುದೇ ಸಂಜೆಯ ಪಾಳಿ. ಇನ್ನೇನು ಬೇಕು?

‘ಎಂಟು ಗಂಟೆಗೆ ನಾನೇ ಮೈಕಿನಲ್ಲಿ ನೆನಪಿಸ್ತೀನಿ’ ಎಂದೆ.

‘ಏನಂತ? “ಹಿಂದಿನ ಬೀದಿಯ ಮೂರನೇ ಮನೆಯವಳೇ, ಮಾತ್ರೆ ನುಂಗು” ಅಂತಾನಾ? ಹಾಗೇನಾದ್ರೂ ಮಾಡಿದ್ರೆ ಮಕ್ಕಳನ್ನ ಎತ್ಕೊಂಡು ತವರಿಗೆ ಹೋಗ್ತೀನಿ ನೋಡಿ!’

‘ಛೆ ಛೆ, ಗುಟ್ಟಾಗಿ ಕಣೇ. ಬಸ್ಸಿನ ಮಾತಲ್ಲಿ.’

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮ ನಿಲ್ದಾಣದಲ್ಲಿರುವುದು ಹನ್ನೊಂದೇ ಅಂಕಣ. ಹನ್ನೊಂದರ ಆಚೆ ಸಾರ್ವಜನಿಕ ಶೌಚಾಲಯದ ಗೋಡೆ. ಹಾಗಾಗಿ ಹನ್ನೆರಡನೇ ಅಂಕಣಕ್ಕೆ ಬರುವ ಬಸ್ಸೊಂದನ್ನು ಸೃಷ್ಟಿಸಿದರೆ ಯಾರಿಗೂ ಬಾಧಕವಿಲ್ಲ ಎಂದು ತರ್ಕಿಸಿದೆ. (ನನ್ನ ತರ್ಕಗಳೆಲ್ಲ ಆಡುವಾಗ ಹೀಗೆಯೇ ಚೆನ್ನಾಗಿರುತ್ತವೆ.) ಮಾತ್ರೆ ಬಿಳಿಯದಾದ್ದರಿಂದ ಬಸ್ಸಿಗೂ ಬಿಳಿ ಬಣ್ಣ ಬಳಿದೆ. ಮಾರನೆಯ ರಾತ್ರಿ ಸರಿಯಾಗಿ ಎಂಟಕ್ಕೆ ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ:

‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಎಂಟು ಗಂಟೆಯ ತಡೆರಹಿತ ಬಿಳಿ ಬಸ್ಸು ಇದೀಗ ಹನ್ನೆರಡನೇ ಅಂಕಣಕ್ಕೆ ಆಗಮಿಸಲಿದೆ. ಸಂಬಂಧಪಟ್ಟವರು ಕೂಡಲೇ ಸಿದ್ಧರಾಗಬೇಕಾಗಿ ಕೋರಿಕೆ. ತಡಮಾಡಿದಲ್ಲಿ ಮುಂದಿನ ಪರಿಣಾಮಗಳಿಗೆ ಆಡಳಿತವು ಹೊಣೆಯಲ್ಲ.’

ಮನೆಗೆ ಹೋದಾಗ ಹೆಂಡತಿ ನಗುನಗುತ್ತಾ ಬಾಗಿಲು ತೆಗೆದಳು. ಮದುವೆಯಾದ ಮೇಲೆ ಮೊದಲ ಸಲ ನನ್ನ ಒಂದು ಮಾತು ಅವಳ ಕಿವಿಗೆ ಬಿದ್ದು, ಮನಸ್ಸಿಗೆ ಇಳಿದು, ಕೃತಿಯಾಗಿ ಪರಿಣಮಿಸಿತ್ತು. ಖುಷಿಯಿಂದ ಅವತ್ತು ಎರಡು ಸಲ ಊಟ ಮಾಡಿದೆ.

ಒಂದು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಸಂಜೆ, ನನ್ನ ಗಾಜಿನ ಕೋಣೆಯಿಂದ ಆಚೆ ನೋಡುತ್ತೇನೆ, ಶೌಚಾಲಯದ ಗೋಡೆಯ ಪಕ್ಕ ಒಬ್ಬ ಮನುಷ್ಯ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದಾನೆ. ಒಳಗೆ ಹೋಗುವವನ ಅವಸರ ಅವನ ಮುಖದಲ್ಲಿ ಇರಲಿಲ್ಲ. ಅಷ್ಟರಲ್ಲಿ ನಮ್ಮ ಸಂಚಾರ ನಿಯಂತ್ರಕರು ಅತ್ತ ಹೋದರು. ಬಸ್ಸುಗಳನ್ನೆಲ್ಲ ಒಳಗೆ ಬಿಟ್ಟು ಹೊರಗೆ ಕಳಿಸುವ ಹಿರಿಯರು ಇವರು.

‘ಸಾರ್, ಬಿಳಿ ಬಸ್ಸು ಇಲ್ಲಿಗೇ ತಾನೇ ಬರೋದು?’ ಎಂದು ಪೆಟ್ಟಿಗೆಯವನು ಕೇಳಿದ.

‘ಬರುತ್ತೆ ಬರುತ್ತೆ, ಡಿಪೋದಿಂದ ಹೊರಟಿದೆ’ ಎಂದರು ನಿಯಂತ್ರಕರು. ಪಾಪ, ಅವರ ಬಾಯಿಗೆ ಬರುವುದೇ ಆ ಒಂದು ವಾಕ್ಯ. ನಾಳೆ ಆನೆ ಯಾವಾಗ ಬರುತ್ತೆ ಎಂದು ಕೇಳಿದರೂ ಅವರು ಡಿಪೋದಿಂದ ಹೊರಟಿದೆ ಎಂದೇ ಹೇಳುತ್ತಾರೆ.

ಮಾರನೆಯ ದಿನ ಐದು ಜನ. ಅದರಾಚೆಯ ದಿನ ಗುಂಪು. ಗುಂಪು ಕಂಡರೆ ನಿಲ್ಲುವುದು ಮನುಷ್ಯಸ್ವಭಾವ, ನಿಂತವರನ್ನು ಕಂಡು ಇನ್ನಷ್ಟು ಜನ ನಿಂತರು. ಚಹಾ ಗಾಡಿಯವನು ತನ್ನ ಗಾಡಿಯನ್ನು ಅಲ್ಲಿಗೇ ಸಾಗಿಸಿದ. ಬಸ್ಸಿನ ಕಿಟಕಿ ಎಲ್ಲಿಗೆ ಬರಬಹುದೆಂದು ಅಂದಾಜು ಮಾಡಿ, ಒಬ್ಬ ಬುದ್ಧಿವಂತ ನೆಲದ ಮೇಲೆ ಕರವಸ್ತ್ರ ಹಾಸಿ ಸೀಟು ಹಿಡಿದ. ಅದನ್ನು ಇನ್ನೊಬ್ಬ ತುಳಿದದ್ದಕ್ಕೆ ದೊಡ್ಡ ಜಗಳವಾಯಿತು. ‘ಸೀಟು ನಂದು ಕಣ್ರೀ!’ ‘ನಿಮ್ಮ ಹೆಸರು ಬರೆದಿದೆಯೇನ್ರೀ ಸೀಟಿನ ಮೇಲೆ?’ ಎಂದು ಇಬ್ಬರೂ ಖಾಲಿ ನೆಲವನ್ನು ತೋರಿಸಿ ಕೂಗಾಡಿದರು. ಆಶ್ಚರ್ಯವೆಂದರೆ ಆ ಬಸ್ಸು ಎಲ್ಲಿಗೆ ಹೋಗುತ್ತದೆಂದು ಒಬ್ಬರೂ ನನ್ನನ್ನು ಕೇಳಲಿಲ್ಲ.

‘ಎಲ್ಲಿಗಂತೆ?’ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ್ದನ್ನು ಮಾತ್ರ ಕೇಳಿಸಿಕೊಂಡೆ.

‘ಬರಲಿ, ಬೋರ್ಡ್ ನೋಡಿದ್ರೆ ಗೊತ್ತಾಗುತ್ತಲ್ಲ. ತಡೆರಹಿತ ಅಂದ್ರೆ ಒಳ್ಳೇ ಕಡೆಗೇ ಹೋಗುತ್ತೆ.’

ಇಷ್ಟಾದರೂ ನಾನು ಹೆದರಿರಲಿಲ್ಲ. ನಿಜವಾಗಿ ಹೆದರಿದ್ದು, ಅಮ್ಮ ಒಂದು ಮಧ್ಯಾಹ್ನ ಚೀಲಕ್ಕೆ ಸೀರೆ ತುಂಬುತ್ತಾ ಕೂತಿದ್ದನ್ನು ನೋಡಿದಾಗ.

‘ಎಲ್ಲಿಗಮ್ಮ?’

‘ನಿನ್ನ ಚಿಕ್ಕಮ್ಮನ ಊರಿಗೆ ಕಣೋ. ಮೂರು ಕಡೆ ಬಸ್ಸು ಬದಲಾಯಿಸ್ಬೇಕಲ್ಲ ಅಂತ ಇಷ್ಟು ವರ್ಷ ಹೋಗಿರಲಿಲ್ಲ. ಈಗ ಬಿಳಿ ಬಸ್ಸು ಬಂದಿದೆಯಲ್ಲ, ದಿನಾ ನೀನೇ ಕೂಗ್ತೀಯ.’

‘ಅದು ಅಲ್ಲಿಗೆ ಹೋಗಲ್ಲಮ್ಮ!’

‘ಮತ್ತೆ ಎಲ್ಲಿಗೆ ಹೋಗುತ್ತೆ?’

ಅಡುಗೆಮನೆಯಿಂದ ಹೆಂಡತಿ ಕೆಕ್ಕರಿಸಿ ನೋಡುತ್ತಿದ್ದಳು.

‘ನೋಡು, ನಿನಗೇ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಅಲ್ಲಿಗೆ ಹೋಗಲ್ಲ ಅಂತ ಹೇಗೆ ಹೇಳ್ತೀಯ?’ ಎಂದು ಅಮ್ಮ ಚೀಲದ ಬಾಯಿ ಕಟ್ಟಿದಳು. ಈ ತರ್ಕಕ್ಕೆ ಉತ್ತರ ಕೊಡುವಷ್ಟು ಓದು ನನಗಿಲ್ಲ.

ಹೀಗೆ ನನ್ನ ಹೆತ್ತ ತಾಯಿಯೇ ಶೌಚಾಲಯದ ಗೋಡೆಯ ಪಕ್ಕ, ಕೊಡೆಯೂರಿಕೊಂಡು, ಸಾಲಿನ ಮುಂದೆ ನಿಂತಳು. ಆ ವಯಸ್ಸಿನಲ್ಲಿ ಆ ವಾಸನೆಯಲ್ಲಿ ಅವಳು ನಿಂತದ್ದನ್ನು ನೋಡಲಾರದೆ ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡೆ. ಸತ್ಯ ಹೇಳೋಣವೆಂದರೆ ಹೆಂಡತಿಗೆ ಕೊಟ್ಟ ಆಣೆ. ಕೊನೆಗೆ ಧೈರ್ಯ ಮಾಡಿ, ಈ ಬಸ್ಸಿಗೆ ಒಂದು ಗತಿ ಕಾಣಿಸಿಯೇ ಬಿಡೋಣವೆಂದು ಅವತ್ತು ಎಂಟಕ್ಕೆ ಸಾರಿದೆ: ‘ಎಂಟು ಗಂಟೆಯ ಬಿಳಿ ಬಸ್ಸು ಅನಿವಾರ್ಯ ಕಾರಣಗಳಿಂದ ರದ್ದಾಗಿದೆ. ಪ್ರಯಾಣಿಕರಿಗೆ ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’

ಜನ ಗೊಣಗುತ್ತಾ ಚದುರಿದರು. ಅಮ್ಮ ಚೀಲ ಹೊತ್ತು ಮನೆಗೆ ಹೋದಳು. ಅಬ್ಬ, ಪೀಡೆ ತೊಲಗಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಉಪ್ಪಿನ ಡಬ್ಬಿಯ ಹಿಂದೆ ನೋಡುತ್ತೇನೆ, ನಿನ್ನೆಯ ಮಾತ್ರೆ ತನ್ನ ಮನೆಯಲ್ಲಿ ಬೆಚ್ಚಗೆ ಕೂತಿದೆ!

‘ಇದ್ಯಾಕೆ ನುಂಗಿಲ್ಲ?’

‘ನೀವೇ ತಾನೇ ಅನಿವಾರ್ಯ ಕಾರಣಗಳಿಂದ ರದ್ದು ಅಂದಿದ್ದು? ಡಾಕ್ಟರಮ್ಮ ನಿಮಗೆ ಫೋನ್ ಮಾಡಿ ಇವತ್ತು ಬೇಡ ಅಂದಿರಬೇಕು ಅಂದ್ಕೊಂಡೆ.’

‘ರದ್ದಾಗಿದ್ದು ಬಸ್ಸು ಕಣೇ!’

‘ಯಾವ ಬಸ್ಸು?’ ಎಂದಳು ಹೆಂಡತಿ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

‘ತಪ್ಪಿದ್ದನ್ನ ಈಗಲೇ ನುಂಗಿಸಿ. ಇವತ್ತಿನದನ್ನ ಮಾಮೂಲಿ ಹೊತ್ತಿಗೇ ಕೊಡಿ. ಎರಡು ದಿನ ಬೇರೆ ರಕ್ಷಣೆ ಇಟ್ಕೊಳ್ಳಿ, ಇಲ್ಲಾಂದ್ರೆ ದೂರ ಇರಿ’ ಎಂದವರು, ‘ಅಲ್ಲಾ, ತಪ್ಪಿದ್ದು ಹೇಗೆ?’ ಎಂದು ಕೇಳಿದರು.

‘ಬಸ್ಸು ರದ್ದಾಯ್ತು ಮೇಡಂ.’

ಆ ಕಡೆಯಿಂದ ಫೋನ್ ಕಡಿದುಹೋಯಿತು.

ಬೇರೆ ರಕ್ಷಣೆಗೆಂದು ಔಷಧಿ ಅಂಗಡಿಗೆ ಹೋದೆ. ಅಂಗಡಿ ತುಂಬ ಜನ. ಆದಷ್ಟು ತಗ್ಗಿದ ಧ್ವನಿಯಲ್ಲಿ ‘ದಯವಿಟ್ಟು…’ ಎಂದೆ, ಅಷ್ಟೇ. ಇಡೀ ಅಂಗಡಿ ನಿಶ್ಶಬ್ದವಾಗಿ ನನ್ನತ್ತ ತಿರುಗಿತು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಚೀಲ ಎತ್ತಿಕೊಂಡು ಎದ್ದು ನಿಂತು, ‘ಯಾವ ಅಂಕಣ ಅಂದ್ರಿ?’ ಎಂದರು. ಇನ್ನು ಆ ಧ್ವನಿಯಲ್ಲಿ ಆ ವಸ್ತುವಿನ ಹೆಸರು ಹೇಳಿದರೆ ಪ್ರಕಟಣೆಯೇ ಆಗಿಬಿಡುತ್ತದೆ! ಕೆಮ್ಮಿನ ಔಷಧಿ ಕೊಂಡು ಹಿಂತಿರುಗಿದೆ. ಎರಡು ದಿನ ನಡುಮನೆಯಲ್ಲಿ ಅಮ್ಮನ ಪಕ್ಕ ಚಾಪೆ ಹಾಸಿಕೊಂಡು ಮಲಗಿದೆ. ‘ಸೊಂಟಕ್ಕೆ ಚಾಪೆ ಒಳ್ಳೇದಂತೆ’ ಎಂದು ಅಮ್ಮನಿಗೆ ಹೇಳಿದೆ.

ಅತ್ತ ದರಿ, ಇತ್ತ ಪುಲಿ. ಸಾರಿದರೆ ನೌಕರಿ ಹೋಗುತ್ತದೆ, ಸಾರದಿದ್ದರೆ ಮೂರನೆಯದು ಬರುತ್ತದೆ. ಯೋಚಿಸಿ ಯೋಚಿಸಿ ನೌಕರಿಗಿಂತ ಸಂಸಾರ ದೊಡ್ಡದೆಂದು ತೀರ್ಮಾನಿಸಿ ಮತ್ತೆ ಸಾರತೊಡಗಿದೆ. (ಮೂರನೆಯದು ಬಂದು ನೌಕರಿಯೂ ಹೋದರೆ ಎಂಬ ಯೋಚನೆ ಬಂದ ದಿನ ಮಾತ್ರ ಊಟ ಸೇರಲಿಲ್ಲ.)

ಒಮ್ಮೆ ರದ್ದಾಗಿ ಮತ್ತೆ ಬಂದ ಬಸ್ಸಿಗೆ ಜನರ ಪ್ರೀತಿ ದುಪ್ಪಟ್ಟಾಯಿತು. ಬರುವುದಾಗಿ ಸಾರುತ್ತಾರೆ, ಬರುವುದಿಲ್ಲ, ಇದೇನು ಅನ್ಯಾಯ ಎಂದು ಗುಂಪು ಸಿಡಿಮಿಡಿಗೊಂಡಿತು. ಅದಕ್ಕೊಬ್ಬರು ನಾಯಕರು ಬೇಕಾಗಿತ್ತು. ಅಮ್ಮ ಚಹಾ ಗಾಡಿಯ ಪಕ್ಕದ ಕಲ್ಲುಬೆಂಚು ಹತ್ತಿದಳು.

‘ಬೇಕೇ ಬೇಕು!’ ಎಂದಳು ಕೊಡೆ ಎತ್ತಿ.

‘ಬಿಳಿ ಬಸ್ಸು ಬೇಕು!’ ಎಂದಿತು ಗುಂಪು.

ನನ್ನ ಗಂಟಲು ಎಲ್ಲಿಂದ ಬಂದಿದ್ದೆಂದು ಅವತ್ತು ತಿಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಚಿಕ್ಕವಳನ್ನು ಎತ್ತಿಕೊಂಡು ನಿಂತು, ತನ್ನ ಮಾತ್ರೆಗಾಗಿ ಅತ್ತೆ ಚಳವಳಿ ಮಾಡುವುದನ್ನು ನೋಡುತ್ತಿದ್ದಳು. ದೊಡ್ಡವಳು ಪಾತ್ರೆ ಬಡಿದು ‘ಬೇಕೇ ಬೇಕು’ ಎನ್ನುತ್ತಿದ್ದಳು.

ಸುದ್ದಿ ಮೇಲಕ್ಕೆ ಹೋಗಿ, ಕೊನೆಗೆ ದೊಡ್ಡ ಸಾಹೇಬರೇ ಜೀಪಿನಲ್ಲಿ ಬಂದಿಳಿದರು. ನಿಯಂತ್ರಕರನ್ನು ಕರೆಸಿದರು.

‘ಎಂಟು ಗಂಟೆ ಬಿಳಿ ಬಸ್ಸು ಎಲ್ರೀ?’

‘ಡಿಪೋದಿಂದ ಹೊರಟಿದೆ ಸಾರ್.’

ಸಾಹೇಬರು ಡಿಪೋಗೆ ಫೋನ್ ಮಾಡಿದರು. ಅಲ್ಲಿನ ಮ್ಯಾನೇಜರು ಒಂದು ಕ್ಷಣವೂ ಯೋಚಿಸದೆ, ‘ಅದು ರಿಪೇರಿಯಲ್ಲಿದೆ ಸಾರ್, ಬ್ರೇಕ್ ತೊಂದರೆ’ ಎಂದರು. ರಿಪೇರಿ ವಿಭಾಗದವರು ‘ನಾವು ನಿನ್ನೇನೇ ಸರಿಮಾಡಿ ಕಳಿಸಿದ್ವಲ್ಲ ಸಾರ್, ಡ್ರೈವರ್ ರಜೆ ಹಾಕಿರಬೇಕು’ ಎಂದರು. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ನಾನೇ ಬಾಯಿಂದ ಹುಟ್ಟಿಸಿದ ಬಸ್ಸಿಗೆ ಬ್ರೇಕು, ರಿಪೇರಿ, ರಜೆಯ ಮೇಲಿರುವ ಡ್ರೈವರು ಎಲ್ಲ ಒಂದೊಂದಾಗಿ ಸೇರಿಕೊಳ್ಳುತ್ತಿದ್ದವು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ನನಗೇ ಅದರ ಹಾರ್ನ್ ಕೇಳಿಸುತ್ತಿತ್ತೇನೋ.

ತಡೆಯಲಾಗಲಿಲ್ಲ. ಸಾಹೇಬರನ್ನು ನನ್ನ ಕೋಣೆಯೊಳಗೆ ಕರೆದು, ಬಾಗಿಲು ಹಾಕಿ, ಕೈಮುಗಿದೆ.

‘ಸಾರ್, ಅಂಥ ಬಸ್ಸೇ ಇಲ್ಲ.’

‘ಇಲ್ಲ ಅಂತ ಗೊತ್ತು ಕಣಯ್ಯ, ಅದಕ್ಕೇ ಅಲ್ವಾ ನಾನು ಬಂದಿರೋದು.’

‘ಹಾಗಲ್ಲ ಸಾರ್. ಅದು ಬಸ್ಸಲ್ಲ. ಅದು ನನ್ನ ಹೆಂಡತಿ ಮಾತ್ರೆ.’

ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ. ಹಾಲು ಕುಡಿಯುವ ಮಗು, ಒಂದೇ ಹಾರ್ಮೋನು, ಮೂರು ಗಂಟೆಯ ಗಡುವು, ಉಪ್ಪಿನ ಡಬ್ಬಿ, ಬಕೆಟ್ಟಿನಲ್ಲಿ ಮುಳುಗಿದ ಫೋನು. ಅವರ ಕಣ್ಣಿನಲ್ಲಿ ನಿಧಾನವಾಗಿ ಕರುಣೆ ತುಂಬಿಕೊಂಡಿತು. ನನ್ನ ಹೆಗಲ ಮೇಲೆ ಕೈಯಿಟ್ಟರು.

‘ಎಷ್ಟು ವರ್ಷದಿಂದ ಈ ಗಾಜಿನ ಡಬ್ಬೀಲಿ ಕೂತಿದ್ದೀಯಪ್ಪ?’

‘ಒಂಬತ್ತು ವರ್ಷ ಸಾರ್.’

‘ಹೂಂ. ದಿನಾ ಬಸ್ಸು ಬಸ್ಸು ಅಂತ ಕೂಗಿ ಕೂಗಿ ತಲೆ ಬಿಸಿಯಾಗಿದೆ. ಹೆಂಡತಿ ಬಸ್ಸಾಗಿ ಕಾಣ್ತಾ ಇದ್ದಾಳೆ, ಬಸ್ಸು ಮಾತ್ರೆಯಾಗಿ ಕಾಣ್ತಾ ಇದೆ. ನಿನಗೆ ಸ್ವಲ್ಪ ಗಾಳಿ ಬದಲಾವಣೆ ಬೇಕು.’ ಎಂದು ಹೊರಗೆ ಹೋದರು.

ಹೊರಗೆ ಕಲ್ಲುಬೆಂಚಿನ ಮೇಲೆ ಅಮ್ಮ ಇನ್ನೂ ಕೊಡೆ ಎತ್ತಿಯೇ ಇದ್ದಳು. ‘ತಾಯಿ, ಈ ಬಸ್ಸು ಎಲ್ಲಿಗೆ ಹೋಗ್ಬೇಕು ಹೇಳಿ’ ಎಂದು ಸಾಹೇಬರು ಕೇಳಿದರು. ಅಮ್ಮ ತನ್ನ ತಂಗಿಯ ಊರಿನ ಹೆಸರು ಹೇಳಿದಳು. ಅದು ಇರುವುದು ಒಂದು ರಾತ್ರಿ ಪೂರ್ತಿ ಪ್ರಯಾಣದ ದೂರದಲ್ಲಿ. ಗುಂಪಿನವರು ಯಾರೂ ಅಲ್ಲಿಗೆ ಹೋಗಬೇಕೆಂದು ಕನಸಿನಲ್ಲೂ ಎಣಿಸಿದವರಲ್ಲ, ಆದರೂ ಅಷ್ಟು ದಿನ ಕಾದ ಋಣಕ್ಕೆ ಚಪ್ಪಾಳೆ ತಟ್ಟಿದರು. ‘ನಾಳೆಯಿಂದಲೇ ಬಿಳಿ ಬಸ್ಸು ಸರಿಯಾಗಿ ಎಂಟು ಗಂಟೆಗೆ ಹೊರಡುತ್ತೆ!’ ಎಂದರು ಸಾಹೇಬರು. ರಾತ್ರೋರಾತ್ರಿ ಒಂದು ಹಳೆಯ ಬಸ್ಸಿಗೆ ಸುಣ್ಣದಂಥ ಬಣ್ಣ ಬಳಿದರು. ಶೌಚಾಲಯದ ಗೋಡೆಯ ಮೇಲೆ ಹನ್ನೆರಡು ಎಂದು ಬರೆದರು.

‘ಕಂಡಕ್ಟರ್ ಯಾರು ಸಾರ್?’ ಎಂದು ನಿಯಂತ್ರಕರು ಕೇಳಿದಾಗ ಸಾಹೇಬರು ನನ್ನ ಕಡೆ ಬೆರಳು ತೋರಿಸಿದರು.

‘ಈ ಬಸ್ಸಿನ ವಿಷಯ ಪೂರ್ತಿ ಗೊತ್ತಿರೋದು ಇವನೊಬ್ಬನಿಗೇ. ಇವನೇ ಹೋಗಲಿ.’

ಮಾಡಿದ್ದುಣ್ಣೋ ಮಹರಾಯ. ಈಗ ನಾನು ಬಿಳಿ ಬಸ್ಸಿನ ಕಂಡಕ್ಟರು. ಎಂಟಕ್ಕೆ ಹೊರಡುತ್ತೇನೆ, ರಾತ್ರಿಯಿಡೀ ಬಸ್ಸಿನಲ್ಲಿ ಅತ್ತಿತ್ತ ಓಲಾಡುತ್ತೇನೆ, ಬೆಳಿಗ್ಗೆ ಚಿಕ್ಕಮ್ಮನ ಊರು ಮುಟ್ಟುತ್ತೇನೆ. ಮುಖ ತೊಳೆದ ಶಾಸ್ತ್ರ ಮಾಡಿ ಹಿಂತಿರುಗಿದರೆ, ಮನೆಗೆ ಬಂದು ಸ್ನಾನ ಮಾಡಿ ಊಟ ಮುಗಿಸುವಷ್ಟರಲ್ಲಿ ಮತ್ತೆ ಎಂಟು. ಅಮ್ಮ ಮೊದಲ ಸೀಟಿನಲ್ಲಿ ಕೂತು ತಂಗಿಯ ಮನೆಗೆ ಹೋಗಿ, ಹದಿನೈದು ದಿನ ಇದ್ದು, ಎರಡು ಸುತ್ತು ದಪ್ಪಗಾಗಿ ವಾಪಸ್ಸು ಬಂದಳು. ನನ್ನ ಜಾಗಕ್ಕೆ ಬಂದಿರುವ ಹುಡುಗಿಯ ಧ್ವನಿ ಜೇನಿನಂತಿದೆ. ನನ್ನನ್ನು ಯಾರೂ ನೆನೆಯುವುದಿಲ್ಲ. ವಾರದ ರಜೆಯನ್ನೂ ಬಹಳ ದಿನ ಕೊಡಲಿಲ್ಲ. ‘ಮಾರ್ಗ ಗೊತ್ತಿರೋದು ನಿಮಗೊಬ್ಬರಿಗೇ ಅಲ್ವಾ’ ಎನ್ನುತ್ತಿದ್ದರು ನಿಯಂತ್ರಕರು.

ಅಂತೂ ತಿಂಗಳ ಮೇಲೆ ಒಂದು ದಿನದ ರಜೆ ಮಂಜೂರಾಯಿತು. ಆ ಸಂಜೆ ಗಡ್ಡ ಬೋಳಿಸಿ, ಹೊಸ ಅಂಗಿ ಹಾಕಿ, ಮದುವೆ ಗಂಡಿನಂತೆ ಸಿಂಗರಿಸಿಕೊಂಡು ಕೂತೆ. ಧ್ವನಿವರ್ಧಕದಲ್ಲಿ ಜೇನಿನ ಧ್ವನಿ ಎಂಟು ಗಂಟೆಯ ಬಿಳಿ ಬಸ್ಸನ್ನು ಸಾರಿತು. ಹೆಂಡತಿ ಏಳಲಿಲ್ಲ. ಚಿಕ್ಕವಳ ಬಟ್ಟೆ ಮಡಿಸುತ್ತಾ ಕೂತೇ ಇದ್ದಳು.

‘ಬಸ್ಸು ಬಂತು ಕಣೇ. ಮಾತ್ರೆ?’

‘ಯಾವ ಮಾತ್ರೆ? ಅದನ್ನ ನಿಲ್ಲಿಸಿ ತಿಂಗಳಾಯ್ತಲ್ಲ.’

‘ನಿಲ್ಲಿಸಿದ್ಯಾ? ಯಾಕೆ?’

‘ಅಯ್ಯೋ, ರಾತ್ರಿ ಮನೇಲಿ ಗಂಡನೇ ಇಲ್ಲದ ಮೇಲೆ ಮಾತ್ರೆ ಯಾಕ್ರೀ? ಡಾಕ್ಟರಮ್ಮನ್ನೂ ಕೇಳಿದೆ. “ಗಂಡ ದಿನಾ ಎಂಟು ಗಂಟೆಗೆ ಊರು ಬಿಟ್ಟು ಹೋಗ್ತಾರಾ? ಹಾಗಾದ್ರೆ ಇದಕ್ಕಿಂತ ಒಳ್ಳೇ ಉಪಾಯ ನಮ್ಮ ಪುಸ್ತಕದಲ್ಲೂ ಇಲ್ಲ” ಅಂತ ನಕ್ಕರು.’

‘ಹೋಗಲಿ, ಈಗ ಒಂದು ನುಂಗು. ಮತ್ತೆ ಶುರು ಮಾಡೋಣ’ ಎಂದೆ, ಆದಷ್ಟು ಜೇನು ಬೆರೆಸಿ.

‘ಶುರು ಮಾಡಬಹುದು. ಆದ್ರೆ ಈಗ ನಡುವಿನಲ್ಲಿ ಶುರು ಮಾಡಿದ್ರೆ ಅದು ಕೆಲಸ ಮಾಡೋಕೆ ಎರಡು ದಿನ ಬೇಕಂತೆ. ನಿಮ್ಮ ರಜೆ ಎಷ್ಟು ದಿನ?’

‘ಒಂದು’ ಎಂದೆ.

ಅವಳು ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಮೂಲೆಯ ಚಾಪೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಕೊಡುವಾಗ ಅವಳ ಕಣ್ಣಲ್ಲಿ ಸ್ವಲ್ಪ ಬೇಸರವಿತ್ತೆಂದು ನಾನು ನಂಬಿದ್ದೇನೆ. ಹಾಗೆ ನಂಬಿಕೊಂಡೇ ನಡುಮನೆಗೆ ಬಂದು ಅಮ್ಮನ ಪಕ್ಕ ಉರುಳಿಕೊಂಡೆ.

‘ಇದೇನೋ, ಅಪರೂಪಕ್ಕೆ ರಜೆ ಸಿಕ್ಕಿ ಇಲ್ಲಿ ಬಂದು ಬಿದ್ಕೊಂಡಿದ್ದೀಯ?’ ಎಂದಳು ಅಮ್ಮ.

‘ಸೊಂಟ ಅಮ್ಮ.’

‘ಸೊಂಟವಂತೆ! ಇಂಥವನಿಂದ ಈ ಮನೆಗೆ ಮೂರನೇದು ಬಂದ ಹಾಗೇ ಇದೆ’ ಎಂದು ಅಮ್ಮ ದಢಕ್ಕನೆ ಎದ್ದು ಕೂತಳು. ‘ಇರು, ಬಾರದ ಬಸ್ಸನ್ನೇ ತರಿಸಿದೋಳು ನಾನು. ಬೆಳಗಾಗಲಿ, ಬಸ್ಸಿಗೆ ಕೂಗಿದ ನಮ್ಮವರನ್ನೆಲ್ಲ ಕರ್ಕೊಂಡು ಬಂದು ನಿಮ್ಮ ಕೋಣೆ ಬಾಗಿಲ ಮುಂದೆ ಧರಣಿ ಕೂರ್ತೀನಿ. ನನ್ನ ಕೊಡೆ ಎಲ್ಲಿದೆ ನೋಡು.’